ನೆಲವೂ ನಾದವೂ

ಮನೆಯನ್ನು ಕಟ್ಟಿಸುವ ಗೃಹಸ್ಥನು ನೆಲಕ್ಕೆ ಯಾವ ಕಲ್ಲನ್ನು ಹಾಸಿಸಬೇಕೆಂಬ ಪ್ರಶ್ನೆ ಬಂದಾಗ ಮೂರು ಸಂಗತಿಗಳನ್ನು ವಿಚಾರಿಸುವುದು ವಾಡಿಕೆ. ನೋಟಕ್ಕೆ ಅಂದವಾಗಿರುವುದೇ, ಒರಸುವುದಕ್ಕೆ ಸುಲಭವೇ, ಬೆಲೆಯೆಷ್ಟು ಎಂಬವೇ ಆ ಮೂರು. ಹೀಗೆ ಕಣ್ಣು, ಕೈ, ಕಿಸೆ ಇವುಗಳ ಅಭಿಪ್ರಾಯವನ್ನು ಪಡೆದುಕೊಂಡ ಬಳಿಕ ನಾಲ್ಕನೆಯದಾದ ಕಿವಿಯನ್ನು ಕೇಳಬೇಕೆಂಬುದು ಯಾರಿಗೂ ತೋಚುವುದಿಲ್ಲ. ನೆಲಕ್ಕೂ ಕಿವಿಗೂ ಏನು ಸಂಬಂಧವೆಂದು ವಾಚಕರು ನಗಬಹುದು. ಎರಡು ವರ್ಷಗಳ ಹಿಂದೆ ನಾವೂ ನಕ್ಕವರೇ. ಆ ನಗೆಗೆ ನಾವು ತೆತ್ತ ಬೆಲೆಯನ್ನು ಮೊದಲು ಹೇಳಿ, ಅನಂತರ ಅದರಿಂದ ಕಲಿತ ಪಾಠವನ್ನು ನಿವೇದಿಸುತ್ತೇವೆ.

ಧಾರವಾಡದಲ್ಲಿದ್ದ ನಮ್ಮ ಹಳೆಯ ಮನೆಯ ಪಡಸಾಲೆಗೆ ಶಹಾಬಾದದ ಕಲ್ಲು ಹಾಸಿತ್ತು. ಮೇಲೆ ಮರದ ತೊಲೆಗಳ ಮಾಳಿಗೆ. ಕೆಳಗೆ ಗೋಡೆಯಿಂದ ಗೋಡೆಯವರೆಗೆ ನವಲಗುಂದದ ಜಮಖಾನ, ಅದರ ಮೇಲೊಂದು ಗಾದಿ, ಒರಗಿಕೊಳ್ಳಲು ಲೋಡು. ಒಂದು ಗೋಡೆಯ ತುಂಬ ಪುಸ್ತಕಗಳು. ನಮ್ಮ ತಂದೆಯವರು ಸಂಜೆಯ ಎರಡು ತಾಸನ್ನು ಅಲ್ಲಿಯೇ ಕಳೆಯುತ್ತಿದ್ದರು. ೧೯೫೦ನೆಯ ಇಸವಿ ಜನವರಿ ೮ರಂದು ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾದಾಗ ಅವರಿನ್ನೂ ಶಾಲೆಯ ಹುಡುಗರು. ಅಂದಿನಿಂದ ಮಲ್ಲಿಕಾರ್ಜುನ ಮನಸೂರರ ಹಾಗೂ ಗಂಗೂಬಾಯಿ ಹಾನಗಲ್ಲರ ಗಾನವು ಅವರಿಗೆ ನಿತ್ಯದ ಊಟದಷ್ಟೇ ಅವಶ್ಯವಾಗಿತ್ತು. ಮೊದಲು ರೇಡಿಯೋ, ಆಮೇಲೆ ಗ್ರಾಮಾಫೋನು, ಆಮೇಲೆ ಮೊಮ್ಮಗನು ತಂದುಕೊಟ್ಟ ಹೊಸ ಯಂತ್ರ. ಸಾಧನವು ಬದಲಾಯಿತೇ ಹೊರತು ಕುಳಿತುಕೊಳ್ಳುವ ಸ್ಥಳ ಬದಲಾಗಲಿಲ್ಲ.

ಹೊಸ ಮನೆಯಾಯಿತು. ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಹಜಾರಕ್ಕೆ ಮುಖ ಕಾಣುವಷ್ಟು ನಯಮಾಡಿದ ಗ್ರಾನೈಟ್ ಕಲ್ಲನ್ನು ಹಾಸಿಸಿದೆವು. ಇಂಥ ನೆಲವನ್ನು ಮುಚ್ಚುವುದುಂಟೇ ಎಂದು ಹಳೆಯ ಜಮಖಾನವನ್ನು ಸುತ್ತಿ ಅಟ್ಟಕ್ಕೆ ಸೇರಿಸಿದೆವು. ಗಾದಿಯ ಸ್ಥಾನಕ್ಕೆ ತೇಗದ ಕುರ್ಚಿಗಳು ಬಂದವು. ಗೃಹಪ್ರವೇಶಕ್ಕೆ ಬಂದವರೆಲ್ಲ ನೆಲವನ್ನು ಹೊಗಳಿದರು. ಆದರೆ ತಿಂಗಳೊಪ್ಪತ್ತಿನಲ್ಲಿ ತಂದೆಯವರು ಸಂಜೆಯ ಹೊತ್ತು ಹಜಾರಕ್ಕೆ ಬರುವುದನ್ನೇ ನಿಲ್ಲಿಸಿದರು. ಕಾರಣವನ್ನು ಕೇಳಿದರೆ, “ಹಾಡವರು ಬಾವ್ಯಾಗ ಕುಂತು ಹಾಡಿದ್ಹಂಗ ಆಗತದ. ಆವಾಜ ಅದ, ಮಾತಿಲ್ಲ,” ಎಂದರು.

ಎಂಬತ್ತು ದಾಟಿದವರ ಕಿವಿ ಮಂದವಾಗುವುದು ಸಹಜವೆಂದು ನಾವು ಬಗೆದೆವು. ಧ್ವನಿಯನ್ನು ದೊಡ್ಡದು ಮಾಡಿದೆವು; ಗದ್ದಲ ಹೆಚ್ಚಿತು, ಮಾತು ಹೆಚ್ಚಲಿಲ್ಲ. ಹೆಚ್ಚು ಬೆಲೆಯ ಧ್ವನಿವರ್ಧಕಗಳನ್ನು ಕೊಂಡು ತಂದೆವು. ಅವರು ಹತ್ತು ನಿಮಿಷ ಮರ್ಯಾದೆಗಾಗಿ ಕುಳಿತು ಎದ್ದುಹೋದರು. ಕಿವಿಯ ವೈದ್ಯರು ಪರೀಕ್ಷಿಸಿ, ತಾರಸ್ಥಾನದ ಧ್ವನಿಗಳು ವಯಸ್ಸಿಗೆ ತಕ್ಕಷ್ಟು ಕಡಿಮೆಯಾಗಿ ಕೇಳಿಸುತ್ತವೆಯೆಂದೂ, ಅಷ್ಟಕ್ಕೇ ಸಂಗೀತವನ್ನು ಬಿಡುವ ಕಾರಣವಿಲ್ಲವೆಂದೂ ತಿಳಿಸಿದರು. ಆದರೂ ತಂದೆಯವರು ತಮ್ಮ ಕೋಣೆಯನ್ನು ಬಿಟ್ಟು ಬರಲಿಲ್ಲ. ದಿನಕ್ಕೆ ಎರಡು ತಾಸು ಮನೆಯವರೆಲ್ಲರ ನಡುವೆ ಇರುತ್ತಿದ್ದ ಹಿರಿಯರೊಬ್ಬರು ಬಾಗಿಲು ಮುಂದೆ ಮಾಡಿಕೊಂಡು ಒಬ್ಬರೇ ಕೂಡತೊಡಗಿದರು. ಸಂಗೀತವು ಹೋದುದಕ್ಕಿಂತ ಇದು ನಮ್ಮನ್ನು ಹೆಚ್ಚಾಗಿ ಬಾಧಿಸಿತು.

ಹೀಗಿರಲಾಗಿ ಮನೆಯಲ್ಲಿ ನಾಮಕರಣದ ಸಂಭ್ರಮ ಬಂದಿತು. ಬಂಧುಗಳು ತುಂಬಿದರು. ರಾತ್ರಿ ಮಲಗುವವರಿಗಾಗಿ ಹಜಾರದ ನೆಲ ಕಾಣದಂತೆ ಗಾದಿಗಳನ್ನೂ ಕಂಬಳಿಗಳನ್ನೂ ಹಾಸಿದ್ದಾಯಿತು. ಯಾರೋ ಹುಡುಗರು ಹಾಡು ಹಚ್ಚಿದರು. ಸ್ವಲ್ಪ ಹೊತ್ತಿಗೆ ತಂದೆಯವರ ಕೋಣೆಯ ಬಾಗಿಲು ತೆರೆಯಿತು. ಅವರು ಹೊಸ್ತಿಲಲ್ಲಿ ನಿಂತು ಕೇಳಿದರು, “ಮಷೀನ ಯಾರು ರಿಪೇರಿ ಮಾಡಿದ್ರು?” ಯಾರೂ ಮಾಡಿರಲಿಲ್ಲ. ಅವರು ಒಂದು ಗಾದಿಯ ತುದಿಯಲ್ಲಿ ಕುಳಿತು ಹಾಡು ಮುಗಿಯುವವರೆಗೆ ಏಳಲಿಲ್ಲ. ಮೂರನೆಯ ದಿನ ಬಂಧುಗಳು ಹೊರಟುಹೋದರು, ಗಾದಿಗಳನ್ನು ಸುತ್ತಿಟ್ಟೆವು; ಹಾಡು ಮತ್ತೆ ಬಾವಿಗಿಳಿಯಿತು. ಆಗ ನಾವು ಮೊಟ್ಟಮೊದಲ ಬಾರಿಗೆ ಯಂತ್ರವನ್ನು ಬಿಟ್ಟು ನೆಲವನ್ನು ನೋಡಿದೆವು.

ನಮಗೆ ಆಕಸ್ಮಿಕವಾಗಿ ತೋರಿದ ಈ ಸತ್ಯವನ್ನು ನೂರು ವರ್ಷಗಳಿಗೂ ಹಿಂದೆ ಪ್ರಯೋಗಪೂರ್ವಕವಾಗಿ ಕಂಡುಹಿಡಿದ ವಿದ್ವಾಂಸರೊಬ್ಬರುಂಟು. ೧೮೯೫ರಲ್ಲಿ ಅಮೇರಿಕಾ ದೇಶದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ಕಲಾಸಂಗ್ರಹಾಲಯದ ಹೊಸ ಉಪನ್ಯಾಸಮಂದಿರವು ಸಿದ್ಧವಾಗಿತ್ತು. ಅಲ್ಲಿ ಆಡಿದ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಉಚ್ಚರಿಸಿದ ಒಂದು ಶಬ್ದವು ಸುಮಾರು ಐದೂವರೆ ಸೆಕೆಂಡುಗಳವರೆಗೆ ಗೋಡೆಗಳ ನಡುವೆ ಸುಳಿದಾಡುತ್ತಿತ್ತು. ಅದನ್ನು ಸರಿಪಡಿಸುವ ಕೆಲಸವನ್ನು ವಾಲೇಸ್ ಕ್ಲೆಮೆಂಟ್ ಸೇಬಿನ್ ಎಂಬ ಭೌತಶಾಸ್ತ್ರದ ತರುಣ ಅಧ್ಯಾಪಕರಿಗೆ ಒಪ್ಪಿಸಲಾಯಿತು. ಅವರು ಹತ್ತಿರದ ಸ್ಯಾಂಡರ್ಸ್ ನಾಟ್ಯಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು, ಆರ್ಗನ್ ವಾದ್ಯದ ಒಂದು ಕೊಳವೆಯನ್ನು ಊದಿಸಿ, ಅದರ ನಾದವು ಅಡಗಲು ಎಷ್ಟು ಹೊತ್ತು ಹಿಡಿಯುವುದೆಂದು ಅಳೆದರು. ಮೆತ್ತೆಗಳ ಸಂಖ್ಯೆ ಹೆಚ್ಚಿದಂತೆ ಆ ಹೊತ್ತು ಕಡಿಮೆಯಾಗುತ್ತ ಬಂದಿತು. ಬೆಳಗಾಗುವುದರೊಳಗೆ ಮೆತ್ತೆಗಳು ತಮ್ಮ ಸ್ಥಾನಕ್ಕೆ ಮರಳಬೇಕಾಗಿತ್ತು. ಪ್ರಯೋಗ ಮಾಡುವವನು ತೊಟ್ಟ ಬಟ್ಟೆ ಬದಲಾದರೂ ಫಲವು ತುಸು ಬದಲಾಗುವುದನ್ನು ಅವರು ಗಮನಿಸಿದರು. ಹೀಗೆ ಹುಟ್ಟಿದ ಸೂತ್ರದ ಸಹಾಯದಿಂದಲೇ ೧೯೦೦ರಲ್ಲಿ ಬಾಸ್ಟನ್ ನಗರದ ಸಿಂಫನಿ ಸಭಾಗೃಹವು ತೆರೆಯಿತು. ಅವರ ಮೆತ್ತೆಗಳೂ ನಮ್ಮ ನಾಮಕರಣದ ಗಾದಿಗಳೂ ಮಾಡಿದುದು ಒಂದೇ ಕೆಲಸ.

ಆ ಕೆಲಸವೇನೆಂಬುದನ್ನು ಸರಳವಾಗಿ ಹೇಳುತ್ತೇವೆ. ಯಂತ್ರದಿಂದ ಹೊರಟ ಧ್ವನಿಯಲ್ಲಿ ಒಂದಂಶ ಮಾತ್ರ ನೇರವಾಗಿ ಕಿವಿಗೆ ಬರುತ್ತದೆ. ಉಳಿದುದು ನೆಲ, ಗೋಡೆ, ಮೇಲ್ಛಾವಣಿಗಳನ್ನು ತಾಕಿ ಹಿಂದಿರುಗುತ್ತದೆ. ಹೀಗೆ ಹಿಂದಿರುಗುತ್ತ ಉಳಿಯುವ ನಾದಕ್ಕೆ ಅನುರಣನವೆಂದು ಹೆಸರು. ನುಣುಪಾದ ಕಲ್ಲು ತನ್ನನ್ನು ತಾಕಿದ ಧ್ವನಿಯಲ್ಲಿ ನೂರರಲ್ಲಿ ಒಂದು ಪಾಲನ್ನು ಮಾತ್ರ ನುಂಗಿ ತೊಂಬತ್ತೊಂಬತ್ತನ್ನು ಹಿಂದಕ್ಕೆ ಕಳುಹಿಸುತ್ತದೆ. ಮೃದುವಾಗಿ ಸೂಕ್ಷ್ಮರಂಧ್ರಗಳಿಂದ ಕೂಡಿದ ಉಣ್ಣೆ ಹತ್ತಿಗಳ ವಿಷಯ ಬೇರೆ. ಧ್ವನಿಯೆಂದರೆ ಗಾಳಿಯ ಅಲುಗಾಟವಷ್ಟೆ. ಆ ಗಾಳಿಯು ಎಳೆಗಳ ಸಂದುಗಳಲ್ಲಿ ಹೊಕ್ಕು ತಿಕ್ಕಾಡಿ ತನ್ನ ಶಕ್ತಿಯನ್ನು ಅತ್ಯಲ್ಪವಾದ ಶಾಖವಾಗಿ ಕಳೆದುಕೊಳ್ಳುತ್ತದೆ. ತೆರೆದ ಕಿಟಕಿಯಾದರೆ ತನಗೆ ಬಂದ ಧ್ವನಿಯೆಲ್ಲವನ್ನೂ ಹೊರಕ್ಕೆ ಬಿಟ್ಟುಬಿಡುತ್ತದೆ. ಅದಕ್ಕಾಗಿಯೇ ಸೇಬಿನ್ನರು ತೆರೆದ ಕಿಟಕಿಯನ್ನೇ ಅಳತೆಯ ಮಾನವಾಗಿ ಇಟ್ಟುಕೊಂಡರು. ಹನ್ನೆರಡು ಚದರಡಿಯ ತೆರೆದ ಕಿಟಕಿಯೊಂದು ಸಾವಿರದ ಇನ್ನೂರು ಚದರಡಿ ಕಲ್ಲುನೆಲಕ್ಕೆ ಸಮವೆಂದಾಯಿತು. ಆದರೆ ಕಿಟಕಿ ತೆರೆದರೆ ಬೀದಿಯ ಗದ್ದಲವು ಒಳಗೆ ಬರುವುದರಿಂದ ಪೇಟೆಯ ಮನೆಗಳಿಗೆ ಆ ಉಪಾಯವು ಸಲ್ಲದು.

ಸೇಬಿನ್ನರ ಸೂತ್ರವು ಗೃಹಿಣಿಯರೂ ಮಾಡಬಹುದಾದ ಲೆಕ್ಕ. ಕೋಣೆಯ ಗಾತ್ರವನ್ನು ಘನ ಅಡಿಗಳಲ್ಲಿ ತೆಗೆದು ೦.೦೪೯ರಿಂದ ಗುಣಿಸಬೇಕು, ಧ್ವನಿಯನ್ನು ಹೀರುವ ವಸ್ತುಗಳ ಒಟ್ಟು ಮೊತ್ತದಿಂದ ಭಾಗಿಸಬೇಕು, ಬಂದುದೇ ಅನುರಣನದ ಸೆಕೆಂಡುಗಳು. ನಮ್ಮ ಹಜಾರದ ಗಾತ್ರ ೧೮೦೦ ಘನ ಅಡಿ; ಗುಣಿಸಿದರೆ ಸುಮಾರು ೮೮. ಗಾರೆ ಮಾಡಿದ ಗೋಡೆಗಳೂ ಮೇಲ್ಛಾವಣಿಯೂ ಸೇರಿ ೭೨೦ ಚದರಡಿ. ಅವು ನೂರಕ್ಕೆ ಮೂರರಂತೆ ಹೀರಿದರೆ ೨೨. ನೆಲವು ೧೮೦ ಚದರಡಿ. ನೂರಕ್ಕೆ ಒಂದರಂತೆ ೨. ಕುಳಿತ ಇಬ್ಬರು ಮತ್ತು ಕುರ್ಚಿಗಳಿಗೆಂದು ೧೦. ಒಟ್ಟು ೩೪. ೮೮ನ್ನು ೩೪ರಿಂದ ಭಾಗಿಸಿದರೆ ಎರಡೂವರೆ ಸೆಕೆಂಡಿಗಿಂತ ತುಸು ಹೆಚ್ಚು. ಬಾಗಿಲು ಕಿಟಕಿಗಳನ್ನು ಸೇರಿಸದ ಕಾರಣ ಇದು ಅಂದಾಜಿನ ಲೆಕ್ಕವೆಂಬುದು ನಿಜ. ಆದರೂ ರೋಗದ ಸ್ವರೂಪವನ್ನು ತಿಳಿಸುವುದಕ್ಕೆ ಸಾಕು. ಗಾಯಕರು ಒಂದು ಸೆಕೆಂಡಿಗೆ ಎಂಟು ಸ್ವರಗಳ ವೇಗದಲ್ಲಿ ತಾನನ್ನು ಬಿಟ್ಟರೆನ್ನೋಣ. ಪ್ರತಿಯೊಂದು ಸ್ವರವೂ, ಕ್ಷೀಣಿಸುತ್ತಲಾದರೂ, ಎರಡೂವರೆ ಸೆಕೆಂಡು ಉಳಿದರೆ, ಇಪ್ಪತ್ತು ಸ್ವರಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಇಂಥ ಚಿಕ್ಕ ಕೋಣೆಗೆ ಅರ್ಧ ಸೆಕೆಂಡಿನ ಆಸುಪಾಸು ಹಿತಕರವಾದುದು.

ಇನ್ನೊಂದು ಮಾತನ್ನೂ ನೆನಪಿಡಬೇಕು. ಮುದ್ರಿತವಾದ ಸಂಗೀತವು ತಾನು ಹುಟ್ಟಿದ ಕೋಣೆಯ ಅನುರಣನವನ್ನು ತನ್ನೊಡನೆ ತಂದೇ ಇರುತ್ತದೆ. ನಮ್ಮ ಹಜಾರವು ಅದರ ಮೇಲೆ ತನ್ನದೊಂದನ್ನು ಹೇರುತ್ತದೆ. ವಯಸ್ಸಾದವರಿಗೆ ಇದರಿಂದ ಆಗುವ ಕಷ್ಟವು ಇಮ್ಮಡಿ. ಕ, ತ, ಪ, ಸ ಮೊದಲಾದ ವ್ಯಂಜನಗಳು ಅಲ್ಪಬಲದವು, ಕ್ಷಣಮಾತ್ರ ಇರುವಂಥವು. ಸ್ವರಗಳು ಬಲವಾದವು, ದೀರ್ಘವಾದವು. ಮುಪ್ಪಿನಲ್ಲಿ ಮೊದಲು ಮಂದವಾಗುವುದು ವ್ಯಂಜನಗಳು ವಾಸಿಸುವ ಆ ಎತ್ತರದ ಧ್ವನಿಗಳೇ. ಉಳಿದಷ್ಟನ್ನು ಹಿಂದಿನ ಸ್ವರದ ಅನುರಣನವು ಮುಚ್ಚಿಬಿಡುತ್ತದೆ. “ಆವಾಜ ಅದ, ಮಾತಿಲ್ಲ” ಎಂದ ತಂದೆಯವರು ಶಾಸ್ತ್ರವನ್ನು ಓದದೆಯೇ ಶಾಸ್ತ್ರವನ್ನು ಹೇಳಿದ್ದರು, ನಾವು ಕೇಳಿಸಿಕೊಂಡಿರಲಿಲ್ಲ.

ಇನ್ನು ಬೇರೆಬೇರೆ ನೆಲಗಳ ಗುಣವನ್ನು ವಿಚಾರಿಸೋಣ. ಗ್ರಾನೈಟು, ಕಡಪದ ಕಲ್ಲು, ಶಹಾಬಾದದ ಕಲ್ಲು, ಮೊಸಾಯಿಕ್ಕು, ಕಾವಿ ಬಣ್ಣದ ಗಾರೆ, ಹೊಳಪಿನ ಟೈಲುಗಳು—ಕಣ್ಣಿಗೆ ಇವು ಎಷ್ಟೇ ಭಿನ್ನವಾಗಿದ್ದರೂ ಕಿವಿಗೆ ಒಂದೇ ಜಾತಿ. ಗ್ರಾನೈಟನ್ನು ಕಿತ್ತು ಮೊಸಾಯಿಕ್ಕನ್ನು ಹಾಕಿಸಿದರೆ ಸಂಗೀತಕ್ಕೆ ಯಾವ ಲಾಭವೂ ಇಲ್ಲ. ನಮ್ಮ ಹಳೆಯ ಮನೆಯ ನೆಲವೂ ಕಲ್ಲೇ ಆಗಿತ್ತೆಂಬುದನ್ನು ವಾಚಕರು ಮರೆಯಬಾರದು. ಅಲ್ಲಿ ಕಾಪಾಡಿದುದು ಕಲ್ಲಲ್ಲ, ಕಲ್ಲಿನ ಮೇಲಿನ ಹಾಸು. ಕಾಂಕ್ರೀಟಿಗೆ ಅಂಟಿಸುವ ಲಿನೋಲಿಯಂ ನೂರಕ್ಕೆ ಮೂರು ಪಾಲನ್ನು ಹೀರುತ್ತದೆ. ಇದೂ ಕಲ್ಲಿನ ನೆರೆಯದೇ. ಕಾಂಕ್ರೀಟಿಗೆ ಅಂಟಿಸಿದ ಮರದ ಹಲಗೆಯ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಆದರೆ ಮಲೆನಾಡಿನ ಮನೆಗಳ ಉಪ್ಪರಿಗೆಯಂತೆ ತೊಲೆಗಳ ಮೇಲೆ ಕೂಡಿಸಿದ ಮರದ ನೆಲವು ತಾನೇ ತುಸು ಕಂಪಿಸಿ ಮಂದ್ರಧ್ವನಿಗಳಲ್ಲಿ ನೂರಕ್ಕೆ ಹದಿನೈದರಷ್ಟನ್ನು ತೆಗೆದುಕೊಳ್ಳುತ್ತದೆ. ಇದು ಒಳ್ಳೆಯ ಗುಣವೇ. ಆದರೆ ಅಂಥ ನೆಲದ ಮೇಲೆ ಗ್ರಾಮಾಫೋನನ್ನಿಟ್ಟರೆ ಮಕ್ಕಳು ಓಡಿದಾಗಲೆಲ್ಲ ಮುಳ್ಳು ಹಾರುತ್ತದೆ. ಅದನ್ನು ಗೋಡೆಗೆ ಭದ್ರಪಡಿಸಿದ ಹಲಗೆಯ ಮೇಲೆ ಇಡುವುದು ಲೇಸು.

ದಪ್ಪ ರತ್ನಗಂಬಳಿಯ ವಿಷಯವು ಬಹು ಸ್ವಾರಸ್ಯವಾದುದು. ಅದನ್ನು ಬರಿಯ ಕಾಂಕ್ರೀಟಿನ ಮೇಲೆ ಹಾಸಿದರೆ, ಸೆಕೆಂಡಿಗೆ ೫೦೦ ಕಂಪನಗಳುಳ್ಳ ಮಧ್ಯಮ ಧ್ವನಿಯಲ್ಲಿ ನೂರಕ್ಕೆ ೧೪ ಪಾಲನ್ನೂ, ೨೦೦೦ ಕಂಪನಗಳ ಎತ್ತರದ ಧ್ವನಿಯಲ್ಲಿ ೬೦ ಪಾಲನ್ನೂ ಹೀರುತ್ತದೆ. ಅದೇ ರತ್ನಗಂಬಳಿಯ ಕೆಳಗೆ ದಪ್ಪವಾದ ಉಣ್ಣೆಯ ಒತ್ತುಹಾಸನ್ನು ಇಟ್ಟರೆ ೫೦೦ ಕಂಪನಗಳಲ್ಲಿ ಆ ೧೪ ಎಂಬುದು ೫೭ ಆಗುತ್ತದೆ. ೧೦೦೦ದಲ್ಲಿ ೬೯ ಆಗುತ್ತದೆ. ಮೇಲಿನ ಹಾಸನ್ನು ಬದಲಿಸದೆ ಕೆಳಗಿನದರಿಂದಲೇ ನಾಲ್ಕರಷ್ಟು ಲಾಭ! ಮಾನವರ ಕಂಠದ ಬಹುಭಾಗವು ಈ ಮಧ್ಯಮ ಪ್ರದೇಶದಲ್ಲಿಯೇ ಇರುವುದರಿಂದ ಸಂಗೀತಪ್ರಿಯರು ಈ ಅಂಕಿಗಳನ್ನು ಗಂಟುಹಾಕಿಕೊಳ್ಳಬೇಕು. ಹಜಾರದ ಅರ್ಧವನ್ನು, ಎಂದರೆ ೯೦ ಚದರಡಿಯನ್ನು ಇಂಥ ಜೋಡಿ ಹಾಸಿನಿಂದ ಮುಚ್ಚಿದರೆ ಮೇಲೆ ಹೇಳಿದ ೩೪ರ ಮೊತ್ತವು ೯೫ ಆಗಿ ಎರಡೂವರೆ ಸೆಕೆಂಡು ಒಂದು ಸೆಕೆಂಡಿನೊಳಕ್ಕೆ ಇಳಿಯುತ್ತದೆ. ಉಳಿದುದನ್ನು ದಪ್ಪ ಪರದೆಗಳೂ, ಮೆತ್ತೆಯ ಆಸನಗಳೂ, ತುಂಬಿದ ಪುಸ್ತಕದ ಕಪಾಟುಗಳೂ ನೋಡಿಕೊಳ್ಳುತ್ತವೆ.

ನಮ್ಮಲ್ಲಿ ಇದಕ್ಕೆ ಹೊರಗಿನ ಸಾಮಗ್ರಿ ಬೇಕಿಲ್ಲ. ಹತ್ತಿಯ ಜಮಖಾನವು ತೆಳುವಾದುದರಿಂದ ಒಂಟಿಯಾಗಿ ಅದರ ಬಲವು ಸ್ವಲ್ಪವೇ. ಅದರ ಕೆಳಗೆ ಎರಡು ಕರಿಕಂಬಳಿಗಳನ್ನು ಮಡಿಸಿ ಹಾಸಿದರೆ ಒತ್ತುಹಾಸು ಸಿದ್ಧವಾಯಿತು. ಜಮಖಾನ, ಗಾದಿ, ಲೋಡು, ತೂಗುಪರದೆ, ಒತ್ತಾಗಿ ಕುಳಿತ ಶ್ರೋತೃಗಳು—ನಮ್ಮ ಕಡೆಯ ಬೈಠಕ್ಕಿನ ಈ ಏರ್ಪಾಡು ಆದರಾತಿಥ್ಯಕ್ಕಾಗಿ ಹುಟ್ಟಿದುದಾದರೂ ನಾದಕ್ಕೂ ಅನುಕೂಲವಾಗಿತ್ತು. ಕುಳಿತ ಒಬ್ಬೊಬ್ಬ ಶ್ರೋತೃವೂ ನಾಲ್ಕೈದು ಚದರಡಿಯ ತೆರೆದ ಕಿಟಕಿಯಷ್ಟು ಧ್ವನಿಯನ್ನು ಹೀರುತ್ತಾನೆ.

ಹಾಸನ್ನು ಎಲ್ಲಿ ಹಾಸಬೇಕೆಂಬುದಕ್ಕೂ ಒಂದು ಕ್ರಮವುಂಟು. ನೆಲವನ್ನು ತಾಕಿ ಬರುವ ಮೊದಲ ಪ್ರತಿಧ್ವನಿಯು ಯಂತ್ರಕ್ಕೂ ಕೇಳುವವನಿಗೂ ನಡುವೆ ಹುಟ್ಟುತ್ತದೆ. ಎಂಟು ಅಡಿ ದೂರದಲ್ಲಿ ಕುರ್ಚಿಯ ಮೇಲೆ ಕುಳಿತವನಿಗೆ ಅದು ನೇರವಾದ ಧ್ವನಿಗಿಂತ ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿನಷ್ಟು ತಡವಾಗಿ ಬರುತ್ತದೆ. ಇಷ್ಟು ಸಮೀಪವಾದ ಪ್ರತಿಧ್ವನಿಯನ್ನು ಕಿವಿಯು ಬೇರೆಯಾಗಿ ಗುರುತಿಸಲಾರದು. ಅದು ಮೂಲದೊಡನೆ ಬೆರೆತು ಕೆಲವು ಸ್ವರಗಳನ್ನು ಉಬ್ಬಿಸಿ ಕೆಲವನ್ನು ತಗ್ಗಿಸುತ್ತದೆ. ಅದರ ಸ್ಥಾನವನ್ನು ಕಂಡುಹಿಡಿಯಲು ಒಬ್ಬರು ತಮ್ಮ ಕುರ್ಚಿಯಲ್ಲಿ ಕುಳಿತುಕೊಳ್ಳಲಿ. ಇನ್ನೊಬ್ಬರು ಕೈಗನ್ನಡಿಯೊಂದನ್ನು ನೆಲದ ಮೇಲೆ ಅಂಗಾತವಾಗಿಟ್ಟು ಮೆಲ್ಲಗೆ ಸರಿಸುತ್ತ ಹೋಗಲಿ. ಕುಳಿತವರಿಗೆ ಕನ್ನಡಿಯಲ್ಲಿ ಧ್ವನಿವರ್ಧಕವು ಕಂಡ ಸ್ಥಳವೇ ಆ ಸ್ಥಳ. ಹಾಸು ಅಲ್ಲಿ ಎಲ್ಲಕ್ಕಿಂತ ದಪ್ಪವಾಗಿರಬೇಕು.

ಹಾಸಿನಿಂದ ಸರ್ವರೋಗವೂ ಪರಿಹಾರವಾಗುವುದೆಂದು ಮಾತ್ರ ಭ್ರಮಿಸಲಾಗದು. ಮೃದಂಗದ ತೊಪ್ಪಿಯ ಭಾಗ, ತಬಲೆಯ ಡಗ್ಗಾ ಇವುಗಳ ಮಂದ್ರಧ್ವನಿಯ ಮೇಲೆ ಅದರ ಅಧಿಕಾರ ನಡೆಯದು. ಸೆಕೆಂಡಿಗೆ ೧೦೦ ಕಂಪನಗಳುಳ್ಳ ಧ್ವನಿಯ ಒಂದು ತರಂಗವು ಹನ್ನೊಂದು ಅಡಿಗಿಂತ ಉದ್ದವಾದುದು. ಅರ್ಧ ಅಂಗುಲದ ಉಣ್ಣೆ ಅದಕ್ಕೆ ಲೆಕ್ಕವೇ? ೧೨೫ ಕಂಪನಗಳಲ್ಲಿ ಜೋಡಿ ಹಾಸು ಹೀರುವುದು ನೂರಕ್ಕೆ ೮ ಮಾತ್ರ. ಆದುದರಿಂದ ಕೋಣೆಯನ್ನೆಲ್ಲ ಹಾಸಿನಿಂದಲೇ ತುಂಬಿಸಿದರೆ ಎತ್ತರದ ನಾದಗಳೆಲ್ಲ ಅಡಗಿ, ಮಂದ್ರವೊಂದೇ ಗುಂಯ್‌ಗುಡುತ್ತ, ತಂಬೂರಿಯು ಮಂಕಾಗಿ ಕೇಳಿಸುತ್ತದೆ. ಮಂದ್ರವು ಅತಿಯಾದಲ್ಲಿ ಧ್ವನಿವರ್ಧಕವನ್ನು ಮೂಲೆಯಿಂದ ಮುಂದಕ್ಕೆ ತರುವುದು, ಕುರ್ಚಿಯನ್ನು ಗೋಡೆಯಿಂದ ದೂರ ಸರಿಸುವುದು ಇವೇ ಮೊದಲು ಮಾಡತಕ್ಕ ಉಪಾಯಗಳು. ಒಂದು ಕಾಸಿನ ಖರ್ಚೂ ಇಲ್ಲ.

ಮಾಳಿಗೆಯ ಮೇಲೆ ಮಾಳಿಗೆಯಿರುವ ಪೇಟೆಯ ಮನೆಗಳಲ್ಲಿ ನೆರೆಯವರ ವಿಚಾರವೂ ಬರುತ್ತದೆ. ಹೆಜ್ಜೆಯ ಸಪ್ಪಳ, ಕುರ್ಚಿ ಎಳೆಯುವ ಸಪ್ಪಳ ಇವು ಕೆಳಗಿನ ಮನೆಗೆ ಹೋಗದಂತೆ ಹಾಸು ಚೆನ್ನಾಗಿ ತಡೆಯುತ್ತದೆ. ಆದರೆ ಹಾಡಿನ ಧ್ವನಿ ಕೆಳಗಿಳಿಯುವುದನ್ನು ಅದು ತಡೆಯಲಾರದು. ಅದಕ್ಕೆ ಯಂತ್ರದ ಕಿವಿ ಹಿಂಡುವುದೊಂದೇ ಮಾರ್ಗ.

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ನುಣುಪು ಕಲ್ಲಿನ ಮೇಲಿನ ಜಮಖಾನವು ಜಾರುತ್ತದೆ. ಅದರ ಅಂಚು ಮುದುಕರ ಕಾಲಿಗೆ ತೊಡರುತ್ತದೆ. ಸಂಗೀತ ಕೇಳಿಸಬೇಕೆಂದು ಹೋಗಿ ಹಿರಿಯರ ಸೊಂಟ ಮುರಿಸಿದರೆ ಏನು ಪುರುಷಾರ್ಥ? ಹಾಸಿನ ಅಡಿಯಲ್ಲಿ ಜಾರದ ರಬ್ಬರಿನ ಬಲೆಯನ್ನು ಹಾಕಬೇಕು. ಅಂಚುಗಳನ್ನು ಭಾರವಾದ ಪೀಠೋಪಕರಣಗಳ ಕೆಳಗೆ ಸೇರಿಸಬೇಕು. ನಡೆದಾಡುವ ದಾರಿಯನ್ನು ಬರಿದಾಗಿ ಬಿಡಬೇಕು. ಉಣ್ಣೆಯಲ್ಲಿ ಧೂಳು ಕೂಡುವುದರಿಂದ ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ಬಡಿಯಬೇಕು. ಉಬ್ಬಸವುಳ್ಳವರ ಮನೆಯಲ್ಲಿ ನೆಲದ ಹಾಸಿಗಿಂತ ಒಗೆಯಬಹುದಾದ ಪರದೆಗಳೂ ಪುಸ್ತಕದ ಕಪಾಟುಗಳೂ ಮೇಲು. ಮಳೆನಾಡಿನವರು ಆಷಾಢ ಶ್ರಾವಣಗಳಲ್ಲಿ ಹಾಸನ್ನು ಸುತ್ತಿಡುವುದೇ ಕ್ಷೇಮ.

ಹೊಸ ಮನೆ ಕಟ್ಟಿಸುವವರಿಗೆ ನಮ್ಮ ವಿಜ್ಞಾಪನೆ ಇಷ್ಟೇ. ಬೇಕಾದ ಕಲ್ಲನ್ನೇ ಹಾಸಿಸಿರಿ, ತಪ್ಪಿಲ್ಲ. ಆದರೆ ಅದರ ಮೇಲೆ ಏನನ್ನು ಹಾಸುವಿರೆಂಬುದನ್ನೂ ಅಂದೇ ಯೋಚಿಸಿರಿ. ಇದ್ದ ಮನೆಯಲ್ಲಿ ಹಾಡು ಚೆನ್ನಾಗಿ ಕೇಳಿಸದಿದ್ದರೆ ಯಂತ್ರದ ಅಂಗಡಿಗೆ ಹೋಗುವ ಮೊದಲು ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿರಿ. ಚಪ್ಪಾಳೆಯ ಬೆನ್ನಿಗೇ ಝಣ್ ಎಂಬ ಬಾಲವು ಕೇಳಿಬಂದರೆ, ಆ ರಾತ್ರಿ ಮನೆಯ ಗಾದಿಗಳನ್ನೆಲ್ಲ ಅಲ್ಲಿ ಹಾಸಿ ಮತ್ತೊಮ್ಮೆ ಹಾಡನ್ನು ಕೇಳಿರಿ. ಭೇದ ತೋರಿದರೆ ಹಣ ಹಾಕಬೇಕಾದ ಸ್ಥಳ ಯಾವುದೆಂದು ತಿಳಿಯುತ್ತದೆ.

ನಾವು ಅಟ್ಟದಿಂದ ಜಮಖಾನವನ್ನು ಇಳಿಸಿದೆವು. ಅದರ ಅಡಿಗೆ ಎರಡು ಕಂಬಳಿಗಳು ಬಂದವು. ಗ್ರಾನೈಟಿನ ಅರ್ಧ ಹೊಳಪು ಮರೆಯಾಯಿತು. ಮೊಣಕಾಲು ನೋವಿನಿಂದ ಕೆಳಗೆ ಕೂಡಲಾರದ ತಂದೆಯವರಿಗಾಗಿ ಮೆತ್ತೆಯ ಕುರ್ಚಿಯೊಂದನ್ನು ಅದರ ಅಂಚಿನಲ್ಲಿಟ್ಟಿದ್ದೇವೆ. ಅವರ ಕೋಣೆಯ ಬಾಗಿಲು ಈಗ ಸಂಜೆ ಆರು ಗಂಟೆಗೆ ತೆರೆಯುತ್ತದೆ. ಬಂಧುಗಳು ಬಂದರೆ, “ಇಷ್ಟು ಚಲೋ ನೆಲಾ ಯಾಕ ಮುಚ್ಚೀರಿ?” ಎಂದು ಕೇಳುವುದುಂಟು. ನಾವು ಉತ್ತರಿಸುವ ಮೊದಲೇ ತಂದೆಯವರು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸುತ್ತಾರೆ, ಹಾಡು ನಡೆದಿರುತ್ತದೆ.